ಆರು ಲೈಟು, ಒಂದು ಚೆಕ್ಕಿಂಗು

ಅವರು ಹೋಗುವ ಹಿಂದಿನ ದಿನ ನಾವಿಬ್ಬರೂ ಜಗಳವಾಡಿದ್ದು ಲೈಟಿನ ವಿಷಯಕ್ಕೆ. ಬೇರೆ ಹೆಂಗಸರಾದರೆ ಕೊನೆಯ ದಿನ ಗಂಡ ಏನೋ ಒಳ್ಳೆಯ ಮಾತಾಡಿದ್ದ ಎಂದು ಹೇಳಿಕೊಳ್ಳುತ್ತಾರೆ. ನಾನು ಸುಳ್ಳು ಹೇಳುವುದಿಲ್ಲ. ನಾವು ಕಿತ್ತಾಡಿದೆವು. ಚೆನ್ನಾಗಿಯೇ ಕಿತ್ತಾಡಿದೆವು.

ನನ್ನ ಯಜಮಾನರು ದರ್ಜಿ. ಎಲ್ಲರಿಗೂ ಅವರು ಮಾಸ್ಟ್ರು. ಬಟ್ಟೆ ಕತ್ತರಿಸುವುದು, ಹೊಲಿಯುವುದು ಅವರದು. ಕಾಜಾ, ಗುಂಡಿ, ಹೆಮ್ಮಿಂಗು ನನ್ನದು. ಆರು ವರ್ಷದ ಹಿಂದೆ ಯಾವುದೋ ಶಾಲೆಯವರು ಬೇಡವೆಂದು ಬಿಸಾಕಿದ ವ್ಯಾನೊಂದನ್ನು ಎಳೆಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದರು. ಸೀಟು ಕಿತ್ತರು. ಮಂಚ ಕೂರಿಸಿದರು, ಒಲೆ ಕೂರಿಸಿದರು, ಪಾತ್ರೆ ತೊಳೆಯಲು ತೊಟ್ಟಿ ಕೂರಿಸಿದರು. ಕಿಟಕಿಗೆಲ್ಲ ನೆರಿಗೆ ಹಿಡಿದ ಪರದೆ. "ಇನ್ಮೇಲೆ ನಮ್ಮನೆ ಗಾಲಿ ಮೇಲೆ ಕಣೆ. ಎಲ್ಲಿ ಬೇಕೋ ಅಲ್ಲಿ ನಿಲ್ಸೋದು, ಮಲಗೋದು" ಅಂದರು. ಅವರು ಅದಕ್ಕೆ ಅರಮನೆ ಅನ್ನುತ್ತಿದ್ದರು. ನಾನು ತಗಡಿನ ಡಬ್ಬ ಅನ್ನುತ್ತಿದ್ದೆ. (ಆರು ವರ್ಷದಲ್ಲಿ ಅರಮನೆ ಕೈಗೊಂಡ ಏಕೈಕ ದಿಗ್ವಿಜಯ ಯಾತ್ರೆ ಪೆಟ್ರೋಲ್ ಬಂಕಿಗೆ. ವಾಪಸ್ಸು ತಳ್ಳಿಕೊಂಡು ಬಂದೆವು.)

ಅದರಲ್ಲಿ ಒಂದು ರಾತ್ರಿ ಮಲಗೋಣ ಬಾ ಎಂದು ನಾಲ್ಕು ಸಲ ಕರೆದರು. ನಾಲ್ಕು ಸಲವೂ ಒಲ್ಲೆ ಅಂದೆ. ಕಾರಣ, ಸೂರಿನಲ್ಲಿ ಹಾಕಿಸಿದ್ದ ಆರು ಎಲ್‌ಇಡಿ ಲೈಟು. ತಟ್ಟೆಯ ಹಾಗೆ ದುಂಡಗೆ. ಸ್ವಿಚ್ಚು ಒತ್ತಿದರೆ ಎದುರಿಗಿದ್ದವರ ತಲೆಯ ಹೇನು ಎಣಿಸಬಹುದು, ಅಷ್ಟು ಬೆಳಕು.

ಆ ದಿನ ಐದನೆಯ ಸಲ ಕರೆದರು.

"ಲೇ, ಬಂದ್ ನೋಡೇ. ಡಿಮ್ಮರ್ ಹಾಕಿದೀನಿ. ಹಿಂಗೆ ತಿರುಗಿಸಿದ್ರೆ ಬೆಳಕು ಮಂದ ಆಗುತ್ತೆ."

ತಿರುಗಿಸಿದರು. ಆರೂ ಲೈಟು ಪಟಪಟ ಹೊಡೆದುಕೊಂಡವು.

"ಮಂದ ಎಲ್ಲಾಯ್ತು ರೀ? ಕಣ್ಣು ಹೊಡೀತಿವೆ."

"ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

"ಮೂವತ್ತು ವರ್ಷ ನಿಮಗೆ ಅಡ್ಜಸ್ಟ್ ಮಾಡ್ಕೊಂಡಿದೀನಿ. ಇನ್ನು ಲೈಟಿಗೂ ಮಾಡ್ಕೋಬೇಕಾ? ಆಪರೇಷನ್ ಥಿಯೇಟರಲ್ಲಿ ನಾನು ಮಲಗಲ್ಲ."

"ನಾಳೆ ಸರಿ ಮಾಡ್ತೀನಿ" ಅಂದರು.

ಮಾರನೆಯ ದಿನ ಬೆಳಿಗ್ಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಒರಗಿದರು. ಕೈಯಲ್ಲಿ ಸೀಮೆಸುಣ್ಣ. ಹೃದಯ ಎಂದರು ಡಾಕ್ಟರು. ಪ್ಯಾಂಟಿನ ಬಟ್ಟೆಯ ಮೇಲೆ ಅರ್ಧ ಗೆರೆ ಉಳಿದಿತ್ತು. ಉಳಿದರ್ಧ ನಾನೇ ಎಳೆದೆ, ನಾನೇ ಹೊಲಿದು ಕೊಟ್ಟೆ. ಒಂದು ಕಾಲು ಗಿಡ್ಡ ಆಯಿತು. ಗಿರಾಕಿ ದುಡ್ಡು ಕೊಟ್ಟು ತೆಗೆದುಕೊಂಡು ಹೋದ. ಈಗಲೂ ಅದನ್ನೇ ಹಾಕಿಕೊಂಡು ಅಂಗಡಿಯ ಮುಂದೆ ಹೋಗುತ್ತಾನೆ, ಪಾಪ.

ಮೂರು ತಿಂಗಳಾದ ಮೇಲೆ ಭಾವ ಕರೆದರು. ಭಾವ ಎಂದರೆ ಇವರ ಅಣ್ಣ. ಅವರೂ ಅಕ್ಕನೂ (ಅವರ ಹೆಂಡತಿ; ನಾನು ಅಕ್ಕ ಅನ್ನುವುದು) ಮಹಡಿಯ ಮೇಲಿದ್ದಾರೆ. ಅಂಗಳ ಅವರ ಪಾಲಿನದು. ಭಾವ ಬಸ್ಸಿನಲ್ಲಿ ಟಿಕೆಟ್ ಚೆಕ್ಕಿಂಗ್ ಮಾಡುತ್ತಿದ್ದು ನಿವೃತ್ತರಾದವರು. ನಿವೃತ್ತಿ ಬಸ್ಸಿನಿಂದ ಮಾತ್ರ, ಚೆಕ್ಕಿಂಗಿನಿಂದಲ್ಲ. ಹಾಲಿನವನನ್ನೂ ನಿಲ್ಲಿಸಿಕೊಂಡು ಪಾತ್ರೆಯೊಳಗೆ ಎರಡು ಸಲ ಇಣುಕುತ್ತಾರೆ.

"ನೋಡಮ್ಮ, ಆ ವ್ಯಾನು ಕೊಟ್ಬಿಡೋಣ. ಸೋಮವಾರ ಬ್ರೋಕರ್ ಬರ್ತಾನೆ."

"ಯಾಕೆ ಭಾವ?"

"ಯಾಕಂದ್ರೆ? ಓಡ್ಸೋಕೆ ನಿಂಗೆ ಬರಲ್ಲ."

"ಮಲಗೋಕೆ ಬರುತ್ತೆ."

"ಅವನಿದ್ದಾಗ ಒಂದಿನ ಮಲಗ್ಲಿಲ್ಲ, ಈಗ ಮಲಗ್ತೀಯಾ?"

ಮಾತು ನಾಟಿತು. ನಿಜವಾದ ಮಾತು, ಅದಕ್ಕೇ ನಾಟಿತು.

"ಅದಕ್ಕೇ ಮಲಗ್ಬೇಕು" ಅಂದೆ. "ಒಂದೇ ಒಂದು ರಾತ್ರಿ. ಅವರು ಕರೆದಾಗ ಹೋಗ್ಲಿಲ್ಲ. ಈಗ ಹೋಗ್ತೀನಿ. ಆಮೇಲೆ ಇನ್ನೊಂದು ಮಾತು."

"ಆ ಕಣ್ಣು ಹೊಡೆಯೋ ಲೈಟಿನ ಕೆಳಗಾ?"

"ಲೈಟು ನಾನೇ ಸರಿ ಮಾಡ್ತೀನಿ."

ಭಾವ ನಗಲಿಲ್ಲ. ಚೆಕ್ಕಿಂಗಿನವರು ನಗುವುದಿಲ್ಲ. "ಸರಿ. ಭಾನುವಾರ ಸಂಜೆ ನಾನೇ ಬಂದು ಚೆಕ್ ಮಾಡ್ತೀನಿ. ಆರೂ ಮಂದ ಆಗ್ಬೇಕು, ಒಂದೂ ಮಿಣುಕಬಾರದು. ಹಂಗಿದ್ರೆ ವ್ಯಾನು ನಿಂದು, ನಾನು ಮತ್ತೆ ಬಾಯಿ ತೆಗೆಯಲ್ಲ. ಒಂದು ಮಿಣುಕಿದ್ರೂ ಬ್ರೋಕರ್‌ಗೆ ಕೀ ಕೊಡೋದೇ."

"ಆಗ್ಲಿ" ಅಂದೆ.

ನಾನು ಓದಿದ್ದು ಮೂರನೆಯ ಕ್ಲಾಸು. ಅಲ್ಲಿ ಕರೆಂಟಿನ ಪಾಠ ಇರಲಿಲ್ಲ. ಕರೆಂಟೂ ಇರಲಿಲ್ಲ. ಆದರೆ ಹೊಲಿಗೆ ಬಿಚ್ಚಿ ಎಲ್ಲಿ ತಪ್ಪಾಗಿದೆ ಎಂದು ಹುಡುಕುವುದು ಗೊತ್ತು. ಅಷ್ಟು ಸಾಕು ಎಂದುಕೊಂಡೆ.

ಗುರುವಾರ ಸ್ಟೂಲು ಹತ್ತಿ ಸೂರಿನ ಹಲಗೆ ಬಿಚ್ಚಿದೆ. ಒಳಗೆ ತಂತಿಯೋ ತಂತಿ, ಹಾವಿನ ಹುತ್ತ ಒಡೆದ ಹಾಗೆ. ಅಷ್ಟೂ ಒಂದೇ ಬೂದಿ ಬಣ್ಣ, ಒಂದೇ ಸುರುಳಿಯಿಂದ ಕತ್ತರಿಸಿದ್ದು. ಯಾವುದು ಎಲ್ಲಿಗೆ ಎಂದು ಆ ಬ್ರಹ್ಮನಿಗೂ ತಿಳಿಯದು. ಆದರೆ ಒಂದೊಂದು ತಂತಿಗೂ ಇವರು ದಾರ ಕಟ್ಟಿದ್ದರು. ಕೆಂಪು, ಬಿಳಿ, ಕಪ್ಪು. ನನ್ನ ಜೀವ ಹಗುರಾಯಿತು. ಇದು ನನಗೆ ಓದಲು ಬರುವ ಬರಹ!

ನಮ್ಮ ಅಂಗಡಿಯಲ್ಲಿ ಬಟ್ಟೆಯ ಗಂಟಿಗೆ ಕೆಂಪು ದಾರ ಇದ್ದರೆ ಅರ್ಜೆಂಟು, ಮೊದಲು ಅದು. ಬಿಳಿ ಇದ್ದರೆ ನನ್ನ ಪಾಲಿನ ಕೆಲಸ ಬಾಕಿ. ಕಪ್ಪು ಇದ್ದರೆ ಮುಗಿಯಿತು, ಯಾರೂ ಮುಟ್ಟಬಾರದು. ಮೂವತ್ತು ವರ್ಷ ಹಾಗೇ ನಡೆದಿದೆ.

ಸರಿ, ಅರ್ಜೆಂಟಿನದನ್ನು ಮೊದಲು ಹಿಡಿದೆ. ಕೆಂಪು ದಾರದ ತಂತಿಯೊಂದನ್ನು ಕಿತ್ತೆ. ಅದರ ತುದಿ ವ್ಯಾನಿನ ತಗಡಿಗೆ ತಾಗಿತು. ಚಟ್ ಎಂದು ಒಂದು ಕಿಡಿ. ಆರೂ ಲೈಟು ಆರಿಹೋದವು.

ಮಹಡಿಯಿಂದ ಅಕ್ಕ ಬಗ್ಗಿ ನೋಡಿದರು. "ಏನಾಯ್ತೇ?"

"ಲೈಟು ಹೋಯ್ತು ಅಕ್ಕ."

"ಎಲ್ಲಾನೂ?"

"ಎಲ್ಲಾನೂ."

"ಹಾಗಾದ್ರೆ ಮಿಣುಕಲ್ಲ ಬಿಡು. ಗೆದ್ದೆ."

ಶುಕ್ರವಾರ ಬೆಳಿಗ್ಗೆ ಡಿಮ್ಮರ್ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು ಬ್ಯಾಟರಿ ಅಂಗಡಿಗೆ ಹೋದೆ. ಅಂಗಡಿಯವರು ಸಾಲಾಗಿಟ್ಟ ಬ್ಯಾಟರಿಗಳಿಗೆ ನೀರು ಹಾಕುತ್ತಿದ್ದರು. ಡಿಮ್ಮರನ್ನು ತಿರುಗಿಸಿ ನೋಡಿದರು.

"ಇದು ಮನೆ ಕರೆಂಟಿಂದಮ್ಮ. ವ್ಯಾನಲ್ಲಿರೋದು ಬ್ಯಾಟರಿ ಕರೆಂಟು, ಹನ್ನೆರಡು ವೋಲ್ಟು. ಅದಕ್ಕೆ ಬೇರೆ ಬರುತ್ತೆ."

"ಅಳತೆ ತಪ್ಪು ಅನ್ನಿ."

"ಹಾಂ! ಅಪ್ಪನ ಕೋಟು ಕೂಸಿಗೆ ಹಾಕ್ದಂಗೆ."

ಈ ಭಾಷೆ ನನಗೆ ತಿಳಿಯಿತು. ಜೀವಮಾನವಿಡೀ ಅಳತೆ ತಪ್ಪದ ಮನುಷ್ಯ ಲೈಟಿನಲ್ಲಿ ತಪ್ಪಿದರಲ್ಲ ಎಂದು ಒಳಗೊಳಗೇ ಒಂದು ಸಂತೋಷವೂ ಆಯಿತು. ಹೇಳಿ ಆಡಿಕೊಳ್ಳೋಣ ಎಂದರೆ ಆಸಾಮಿ ಇಲ್ಲ.

ಅಂಗಡಿಯವರು ಬ್ಯಾಟರಿಯ ಡಿಮ್ಮರನ್ನೂ, ಆ ಕಿಡಿಗೆ ಸುಟ್ಟುಹೋದ ಫ್ಯೂಸಿನ ಬದಲು ಹೊಸದೊಂದನ್ನೂ ಕೊಟ್ಟರು. ಪಾಠವನ್ನೂ ಹೇಳಿದರು. "ಕೈ ಹಾಕೋ ಮುಂಚೆ ಫ್ಯೂಸ್ ತೆಗೀರಿ. ಒಂದೊಂದು ಲೈಟೂ ಬಿಚ್ಚಿ, ನೇರವಾಗಿ ಬ್ಯಾಟರಿಗೇ ಹಿಡಿದು ನೋಡಿ. ಹತ್ಲಿಲ್ಲ ಅಂದ್ರೆ ಎರಡು ತಂತಿ ಅದಲು ಬದಲು ಮಾಡಿ, ಎಲ್‌ಇಡಿಗೆ ಹಿಂದು ಮುಂದು ಉಂಟು. ಡಿಮ್ಮರಿಗೆ ಈ ಬಾಲ ಒಂದು ಜಾಸ್ತಿ ಇದೆ, ಇದನ್ನ ಬ್ಯಾಟರಿ ಮೈನಸ್ಸಿಗೆ ಕೊಡಿ."

ಶನಿವಾರವಿಡೀ ಕೂತು ಹಾಗೇ ಮಾಡಿದೆ. ಒಂದು ಲೈಟು ಹತ್ತಲಿಲ್ಲ. ತಂತಿ ಅದಲು ಬದಲು ಮಾಡಿದೆ, ಹತ್ತಿತು. ಲೈಟುಗಳು ಆರೂ ಚಿನ್ನದಂಥವು. ಫ್ಯೂಸ್ ಹಾಕಿದೆ, ಹೊಸ ಡಿಮ್ಮರ್ ತಿರುಗಿಸಿದೆ. ಒಲೆಯ ಮೇಲಿನವು ಎರಡು, ಬಾಗಿಲ ಹತ್ತಿರದವು ಎರಡು ಮೆಲ್ಲಗೆ ಇಳಿದವು, ಹಾಲು ಕೆನೆಗಟ್ಟಿದ ಹಾಗೆ. ಮಂಚದ ಮೇಲಿನವು ಎರಡು ಮಾತ್ರ ನಾನು ಕಾಲಿಟ್ಟಾಗಲೆಲ್ಲ ಮಿಣುಕುತ್ತಿದ್ದವು. ನಾನು ಹೆಜ್ಜೆ ಇಟ್ಟರೆ ಮಿಣುಕು. ಕೆಮ್ಮಿದರೆ ಮಿಣುಕು. ಉಳಿದದ್ದು ಒಂದು ದಿನ.

ಭಾನುವಾರ ಬ್ಯಾಟರಿ ಅಂಗಡಿಗೆ ರಜೆ. ಅಂಗಡಿಯವರ ಮನೆಗೇ ಹೋದೆ. ಹಲ್ಲುಜ್ಜುತ್ತಿದ್ದರು.

"ಎಲ್ಲಾ ತಂತಿನೂ ನೋಡಿದ್ರಾ?" ನೊರೆಯ ಬಾಯಲ್ಲೇ ಕೇಳಿದರು.

"ಎಲ್ಲಾ ನೋಡ್ದೆ. ಕಪ್ಪು ದಾರದ್ದು ಬಿಟ್ಟು."

"ಅದ್ಯಾಕೆ ಬಿಟ್ರಿ?"

"ಅದು ಮುಗಿದಿರೋ ಕೆಲ್ಸ ಅಲ್ವಾ? ಮಾಸ್ಟ್ರು ಕಪ್ಪು ಕಟ್ಟಿದಾರೆ."

ಅವರಿಗೆ ಅರ್ಥವಾಗಲಿಲ್ಲ. ಅಂಗಡಿಯ ದಾರದ ಪದ್ಧತಿಯನ್ನು ವಿವರಿಸಿದೆ. ಬಾಯಿ ಮುಕ್ಕಳಿಸಿ ಉಗಿದು, ಗೋಡೆ ಹಿಡಿದುಕೊಂಡು ನಕ್ಕರು. "ಅಮ್ಮಾ, ಕರೆಂಟಲ್ಲಿ ಕೆಂಪು ಅಂದ್ರೆ ಪ್ಲಸ್ಸು, ಕಪ್ಪು ಅಂದ್ರೆ ಮೈನಸ್ಸು! ಲೋಕಕ್ಕೇ ಗೊತ್ತು!"

"ಲೋಕ ನಮ್ಮ ಅಂಗಡಿಲಿ ಕಾಜಾ ಹಾಕಿಲ್ಲ" ಅಂದೆ.

ನಗು ನಿಲ್ಲಿಸಿದರು. "ಕಪ್ಪು ದಾರ ಹಿಡ್ಕೊಂಡು ಹೋಗಿ. ವ್ಯಾನಿನ ತಗಡಿಗೆ ಎಲ್ಲೋ ಒಂದು ಸ್ಕ್ರೂ ಹಾಕಿರ್ತಾರೆ. ಅದು ಸಡಿಲ ಇದ್ರೆ, ಬಣ್ಣದ ಮೇಲಿದ್ರೆ, ಕರೆಂಟು ಸರಿಯಾಗಿ ವಾಪಸ್ ಹೋಗಲ್ಲ."

ಕಪ್ಪು ದಾರ ಹಿಡಿದುಕೊಂಡು ಹೋದೆ. ಮಂಚದ ಕೆಳಗೆ ಹೊಟ್ಟೆಯ ಮೇಲೆ ತೆವಳಿದೆ. (ನನ್ನ ಗಾತ್ರ ಕಂಡವರಿಗೆ ಇದರ ಶೌರ್ಯ ತಿಳಿಯುತ್ತದೆ.) ಮೂಲೆಯಲ್ಲಿ ಸ್ಕ್ರೂ ಸಿಕ್ಕಿತು. ಇವರು ವ್ಯಾನಿಗೆ ನೀಲಿ ಬಣ್ಣವನ್ನು ಎರಡು ಕೋಟು ಬಳಿದು, ಬಣ್ಣ ಹಾಳಾಗಬಾರದು ಎಂದು ಸ್ಕ್ರೂವನ್ನು ಹಗೂರ ಕೂರಿಸಿದ್ದರು. ಹಳೆಯ ಕತ್ತರಿಯ ತುದಿಯಿಂದ ಅಲ್ಲಿ ಬಣ್ಣ ಕೆರೆದೆ. (ಮಾಸ್ಟ್ರ ಕತ್ತರಿಯಲ್ಲ. ಅದರಲ್ಲಿ ಕಾಗದ ಕತ್ತರಿಸಿದರೂ ಮೂರು ದಿನ ಮಾತು ಬಿಡುತ್ತಿದ್ದರು.) ಬಿಳಿ ತಗಡು ಕಂಡಿತು. ಸ್ಕ್ರೂ ಬಿಗಿದೆ. ಹೊರಗೆ ಬಂದು ಡಿಮ್ಮರ್ ತಿರುಗಿಸಿ ಕುಣಿದೆ. ಹೌದು, ಕುಣಿದೆ. ಪರೀಕ್ಷೆ ಮಾಡಬೇಕಲ್ಲ. ಒಂದೂ ಮಿಣುಕಲಿಲ್ಲ.

ಸಂಜೆ ಭಾವ ಬಂದರು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಹಾಳೆ, ಕಿವಿಯ ಸಂದಿಯಲ್ಲಿ ಪೆನ್ನು. ಪರದೆ ಎಳೆಸಿದರು. ಲೈಟಿಗೆ ಒಂದು, ಎರಡು ಎಂದು ನಂಬರು ಕೊಟ್ಟರು. ಒಂದೊಂದಕ್ಕೂ ಟಾರ್ಚು ಹಾಕಿ ನೋಡಿದರು. (ಉರಿಯುತ್ತಿರುವ ಲೈಟಿಗೆ ಟಾರ್ಚು ಯಾಕೆ ಎಂದು ನಾನು ಕೇಳಲಿಲ್ಲ. ಅಧಿಕಾರಿಗಳನ್ನು ಕೇಳಬಾರದು.)

"ಜಾಸ್ತಿ ಮಾಡು."

ಮಾಡಿದೆ.

"ಕಮ್ಮಿ ಮಾಡು. ಇನ್ನೂ. ಇನ್ನೂ ಸ್ವಲ್ಪ. ನಿಲ್ಸು." ನೆಲಕ್ಕೆ ಕಾಲು ಬಡಿದರು. ಗೋಡೆಗೆ ಗುದ್ದಿದರು. ಆರೂ ಲೈಟು ಅಲ್ಲಾಡಲಿಲ್ಲ.

"ಪಾಸಾ ಭಾವ?"

"ಅವಸರ ಯಾಕೆ? ಮಲಗೋ ಲೈಟಲ್ವಾ? ಮಲಗಿ ನೋಡ್ಬೇಕು. ಅದೇ ರೂಲ್ಸು."

ಚಪ್ಪಲಿ ಬಿಟ್ಟು ಮಂಚದ ಮೇಲೆ ಅಂಗಾತ ಮಲಗಿದರು. ಎದೆಯ ಮೇಲೆ ಹಾಳೆ. ನಾನು ಡಿಮ್ಮರ್ ಹಿಡಿದುಕೊಂಡು ತೀರ್ಪಿಗೆ ಕಾದೆ. ಒಂದು ನಿಮಿಷ. ಎರಡು ನಿಮಿಷ. ಪೆನ್ನು ಕಿವಿಯಿಂದ ಜಾರಿ ದಿಂಬಿಗೆ ಬಿತ್ತು. ಅಧಿಕಾರಿಗಳು ನಿದ್ದೆ ಹೋಗಿದ್ದರು.

ಅಕ್ಕನನ್ನು ಕರೆದುಕೊಂಡು ಬಂದೆ. "ನೋಡಿ ಅಕ್ಕ, ಏಳ್ಸಿ. ಇವತ್ತು ನಾನು ಮಲಗ್ಬೇಕು ಇಲ್ಲಿ."

ಅಕ್ಕ ಬಾಗಿಲಲ್ಲೇ ನಿಂತುಬಿಟ್ಟರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಬೇಡ ಕಣೆ" ಅಂದರು. "ತಮ್ಮ ಹೋದ ಮೇಲೆ ಇವರು ಕಣ್ಣು ಮುಚ್ಚಿದ್ದೇ ಕಾಣೆ. ಮೂರು ತಿಂಗಳು, ಮಹಡಿ ಮೇಲೆ ಆ ಕಡೆಯಿಂದ ಈ ಕಡೆಗೆ ನಡೀತಾನೇ ಇದ್ರು. ವ್ಯಾನು ಕಣ್ಣಿಗೆ ಬಿದ್ರೆ ಆಗಲ್ಲ ಅಂತಾನೇ ಮಾರೋಣ ಅಂದಿದ್ದು. ಇವತ್ತೊಂದಿನ ಮಲಗ್ಲಿ ಬಿಡು."

ಇವತ್ತೊಂದು ದಿನ ತಾನೇ. ಬಿಟ್ಟೆ.

ಸೋಮವಾರ ಬ್ರೋಕರ್ ಬಂದ. ವ್ಯಾನಿನ ಬಾಗಿಲು ತೆರೆಯಿತು. ಭಾವ ಹೊರಗೆ ತಲೆ ಹಾಕಿದರು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ. "ಏನಯ್ಯಾ ಬೆಳಿಗ್ಗೆ ಬೆಳಿಗ್ಗೆ? ಇದು ಮಾರೋದಲ್ಲ, ಹೋಗು" ಅಂದರು. ನನ್ನ ಕಡೆ ತಿರುಗಿ, "ಪಾಸ್" ಅಂದರು. ಹಾಳೆಯ ಮೇಲೆ ಸಹಿಯನ್ನೂ ಹಾಕಿ ಕೊಟ್ಟರು.

ನಾನು ಗೆದ್ದೆ. ವ್ಯಾನು ನನ್ನದಾಯಿತು. ಸಂಜೆ ದಿಂಬು, ಹೊದಿಕೆ ಎತ್ತಿಕೊಂಡು ಹೋದರೆ ಭಾವ ಆಗಲೇ ಒಳಗಿದ್ದರು.

"ನಾಲ್ಕನೇ ಲೈಟ್ ಮೇಲೆ ಸ್ವಲ್ಪ ಡೌಟಿದೆ ಕಣಮ್ಮ. ಇವತ್ತೊಂದಿನ ನೋಡ್ತೀನಿ."

ಮಾರನೆಯ ದಿನ ಐದನೆಯ ಲೈಟು. ಆಮೇಲೆ ಡೌಟಿಗೂ ಬರಲಿಲ್ಲ. ನೇರವಾಗಿ ದಿಂಬನ್ನೇ ತಂದರು. "ಭಾವ, ಒಂದು ರಾತ್ರಿ ನನಗೆ ಬಿಡಿ" ಎಂದು ಮೊನ್ನೆಯೂ ಕೇಳಿದೆ. "ನೀನು ಅಷ್ಟು ಚೆನ್ನಾಗಿ ಮಾಡ್ಬಾರದಾಗಿತ್ತು" ಅಂದರು. ಆಯಿತು, ನಾಲ್ಕು ತಿಂಗಳು. ಆ ಮಂಚದ ಮೇಲೆ ನಾನು ಇಂದಿಗೂ ಮಲಗಿಲ್ಲ. ಕೆಳಗೆ ಮಾತ್ರ ತೆವಳಿದ್ದೇನೆ.

ದಿನಾ ಬೆಳಿಗ್ಗೆ ಭಾವನಿಗೆ ಟೀ ಕೊಟ್ಟು ಎಬ್ಬಿಸುವುದು ಈಗ ನನ್ನ ಕೆಲಸ. ಅಕ್ಕನಿಗೆ ಮಂಡಿ ನೋವು, ದಿನವೂ ಮೆಟ್ಟಿಲು ಹತ್ತಿ ಇಳಿಯಲಾರರು. ಲೋಟ ಹಿಡಿದುಕೊಂಡು ವ್ಯಾನಿನ ಬಾಗಿಲಿಗೆ ಹೋಗುತ್ತೇನೆ. ಒಳಗೆ ಗೊರಕೆ ಕೇಳುತ್ತದೆ. ಮೊದಲು ಉದ್ದಕ್ಕೆ ಎಳೆದು, ನಡುವೆ ತಡೆದು, ಆಮೇಲೆ ಎರಡು ಸಣ್ಣ ಸೀಟಿ. ಇವರದೂ ಹಾಗೇ ಇತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಗೊರಕೆ.

ಟೀ ಆರುವವರೆಗೆ ನಿಲ್ಲುತ್ತೇನೆ. ಆಮೇಲೆ ತಗಡು ಬಡಿಯುತ್ತೇನೆ.