ಮಾನ್ವಿಯ ಕಂಪ್ಯೂಟರಿಗೆ ಹೊಕ್ಕ ಹನುಮಂತಪ್ಪ

ಯಂತ್ರಕ್ಕೆ ಕೆಲಸ ಕಲಿಸಿ ಆರಾಮಾಗಿ ಇರೋಣ ಅಂದುಕೊಂಡ ದಿನದಿಂದ ನನಗೆ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ.

ನಮ್ಮದು ಬಿತ್ತನೆ ಬೀಜ ಮಾರುವ ಸಣ್ಣ ಸಂಸ್ಥೆ. ರೈತರ ಹೆಸರು ಬರೆದುಕೊಳ್ಳುವ ಹಳೇ ಪ್ರೋಗ್ರಾಂ ಇರುವುದು ದೇವದುರ್ಗ, ಮಾನ್ವಿ ಶಾಖೆಗಳ ಕಂಪ್ಯೂಟರಿನಲ್ಲಿ ಮಾತ್ರ. ನಾನು ರಾಯಚೂರಿನಲ್ಲಿ ಕೂತು ಅಲ್ಲಿಯ ಪರದೆಯನ್ನು ನನ್ನ ಪರದೆಯ ಮೇಲೆ ತೆರೆಯುತ್ತೇನೆ. ಎಲ್ಲಿ ಒತ್ತಬೇಕು, ಏನು ಟೈಪ್ ಮಾಡಬೇಕು ಎಂದು ಒಂದು ಸ್ಕ್ರಿಪ್ಟಿಗೆ, ಅಂದರೆ ತಾನಾಗಿ ಓಡುವ ಸಣ್ಣ ಪ್ರೋಗ್ರಾಮಿಗೆ, ಕಲಿಸಿದ್ದೇನೆ. ಅದಕ್ಕೆ ಕಣ್ಣಿಲ್ಲ, ಹೇಳಿದ ಜಾಗದಲ್ಲಿ ಒತ್ತುವುದೊಂದೇ ಗೊತ್ತು. ಸಾಹೇಬರು ಮೊದಲೇ ಎಚ್ಚರಿಸಿದ್ದರು: “ಇದು ಕೈ ಕೊಟ್ರ ನೀವ ದಿನಾ ಮಾನ್ವಿಗಿ ಹೋಗಿ ಕುಂತು ಬರೀಬೇಕ್ರಿ.” ರಾಯಚೂರಿನ ಬಿಸಿಲಲ್ಲಿ ದಿನಾ ಬಸ್ಸು! ನೆನೆದರೇ ಜೀವ ಹೋದಂತಾಗುತ್ತಿತ್ತು.

ದೇವರ ಮೂಗು

ಒಂದು ಬೆಳಿಗ್ಗೆ ದೇವದುರ್ಗದಲ್ಲಿ ಒಂದು ಹೆಸರೂ ಏರಲಿಲ್ಲ. ನೋಡಿದರೆ ಅಲ್ಲಿಯ ಹಿರಿಯ ಗುಮಾಸ್ತರು ಪರದೆಗೆ ಮನೆದೇವರ ಫೋಟೊ ಹಾಕಿ, ಐಕಾನುಗಳನ್ನೆಲ್ಲ ಕೆಳಗೆ ಸರಿಸಿದ್ದಾರೆ. ನನ್ನ ಸ್ಕ್ರಿಪ್ಟು ಹಳೇ ಜಾಗವನ್ನೇ, ಅಂದರೆ ದೇವರ ಮೂಗನ್ನು, ಒಂದೇ ಸಮನೆ ಒತ್ತುತ್ತಿತ್ತು. ಫೋನ್ ಮಾಡಿ ಗೋಗರೆದೆ.

“ದೇವರ ಮಾರಿ ಮ್ಯಾಲ ಬೀಜದ ಪಟ್ಟಿ ಇಡಾಕ ಬರ್ತದೇನ್ರಿ? ಪಾದದ ಹಂತ್ಯಾಕ ಇಟ್ಟೀನಿ. ನಿಮ್ಮ ಯಂತ್ರಕ್ಕ ಕಾಲಿಗಿ ಬೀಳೂದು ಕಲಸ್ರಿ!”

ಊಟಕ್ಕೆ ಎಷ್ಟು ಮಂದಿ

ಇನ್ನೊಮ್ಮೆ ಚಹಾಕ್ಕೆ ಎದ್ದು ಹೋಗಿದ್ದೆ. ಪಕ್ಕದ ಕುರ್ಚಿಯವರು ಭಾರಿ ಶಿಸ್ತಿನ ಮನುಷ್ಯ. “ದೇವದುರ್ಗದ ಬಾಗಲಾ ತಗದಿಟ್ಟು ಹೋಗೀರಲ್ರಿ” ಎಂದು ನನ್ನ ಪರದೆಯ ಮೇಲಿದ್ದ ಆ ಶಾಖೆಯ ಕಿಟಕಿಯನ್ನೇ ಕೆಳಗಿಳಿಸಿಬಿಟ್ಟರು. ಹಿಂದೆ ತೆರೆದಿದ್ದದ್ದು ನಮ್ಮ ಮನೆಯವರ ವಾಟ್ಸಾಪ್ ಗುಂಪು. ಸ್ಕ್ರಿಪ್ಟು ಸಿರವಾರದ ಹದಿನಾಲ್ಕು ಮಂದಿ ರೈತರ ಹೆಸರನ್ನು ಅದರಲ್ಲೇ ಟೈಪ್ ಮಾಡಿ ಕಳಿಸಿತು.

ಅವ್ವನ ಫೋನು ಬಂತು: “ಇಷ್ಟೂ ಮಂದಿ ಊಟಕ್ಕ ಬರಾಕತ್ತಾರೇನಪ್ಪಾ? ಎಷ್ಟು ರೊಟ್ಟಿ ಬಡೀಲಿ?”

ಯಾರು ನೀವು

ಮಾನ್ವಿಗೆ ಹೊಸ ಗುಮಾಸ್ತ ಬಂದ. ನನ್ನ ಸ್ಕ್ರಿಪ್ಟಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಬಾಣದ ಗುರುತು ತಾನಾಗಿ ಓಡಾಡುವುದನ್ನು ಕಂಡು ಗಾಬರಿಯಾಗಿ, ಒಂದು ಖಾಲಿ ಪುಟ ತೆರೆದು “ಯಾರು ನೀವು?” ಎಂದು ಬರೆದ. ಪಟ್ಟಿಯ ಮುಂದಿನ ಹೆಸರು ಅಲ್ಲೇ ಮೂಡಿತು: “ಹನುಮಂತಪ್ಪ, ಪೋತ್ನಾಳ.”

ಪಾಪ, ಬೆಳಿಗ್ಗೆಯಷ್ಟೇ ಬೀಜ ಕೇಳಿಕೊಂಡು ಶಾಖೆಗೆ ಬಂದಿದ್ದ ಆ ಹನುಮಂತಪ್ಪ ಎದುರಿನ ಹೋಟೆಲಿನಲ್ಲೇ ಮಿರ್ಚಿ ತಿನ್ನುತ್ತಿದ್ದ. ಗುಮಾಸ್ತ ಅವನನ್ನು ಹಿಡಿದು ತಂದು ಕಂಪ್ಯೂಟರಿನ ಮುಂದೆ ಕೂಡಿಸಿ ನನಗೆ ಫೋನ್ ಮಾಡಿದ: “ಸಾರ್, ಕಳ್ಳ ಸಿಕ್ಕಾನ್ರಿ!” ಸಾಹೇಬರು ನನ್ನ ಹಿಂದೆಯೇ ನಿಂತಿದ್ದರು. ಸ್ಪೀಕರ್ ಹಾಕಿಸಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

“ತಪ್ಪಾತ್ರೀ ಯಪ್ಪಾ,” ಹನುಮಂತಪ್ಪ ಅಳುವ ದನಿಯಲ್ಲಿ ಅಂದ, “ನಾ ಹೆಂಗ ಒಳಗ ಹೊಕ್ಕೀನೋ ನನಗ ಗೊತ್ತಿಲ್ಲ. ಹೆಂಗ ಹೊರಗ ಬರಬೇಕು ಹೇಳ್ರಿ, ಬರ್ತೀನಿ.”

ಅಷ್ಟರಲ್ಲಿ ಸ್ಕ್ರಿಪ್ಟು ಇನ್ನೊಂದು ಹೆಸರು ಹೊಡೆಯಿತು. ಗುಮಾಸ್ತ ಗಟ್ಟಿಯಾಗಿ ಓದಿದ: “ಮಲ್ಲಮ್ಮ, ಗಂಡ ಹನುಮಂತಪ್ಪ.”

“ಯವ್ವಾ! ಇಕಿನೂ ಬಂದ್ಲಾ?” ಹನುಮಂತಪ್ಪ ಎದ್ದೇ ನಿಂತಿರಬೇಕು, ಕುರ್ಚಿ ಬಿದ್ದ ಸದ್ದಾಯಿತು. “ಹೊಲಕ್ಕ ಹೋಗ್ತೀನಂತ ಹೇಳಿ ಬಂದೀನ್ರಿ ನಾ!”

ಸಾಹೇಬರು ನನ್ನ ಕಡೆ ತಿರುಗಿದರು.

“ಈಗ ಬಸ್ ಹತ್ರಿ,” ಅಂದರು. “ಮಾನ್ವಿಗಲ್ಲ, ಪೋತ್ನಾಳಕ್ಕ. ಬರಿಯೂದು ಆಮ್ಯಾಲ ನೋಡೂಣು, ಗಂಡನ್ನ ಕಳ್ಳ ಅಂತ ಹಿಡದಿದ್ದು ಕಿವಿಗಿ ಬೀಳೂದ್ರಾಗ ಮದಲ ಆ ಮಲ್ಲಮ್ಮಗ ಸಮಾಧಾನ ಹೇಳಿ ಬರ್ರಿ.”