ಪಂಚಾಮೃತಕ್ಕೊಂದು ಬಿಲ್ವದ ಬಟ್ಟಲು

ಮರ ಒಣಗಿಸುವುದೂ ಒಂದು ವಿದ್ಯೆಯೇ? ಎಸ್ಟೇಟಿನಲ್ಲಿ ಲೆಕ್ಕ, ಮೇಲ್ವಿಚಾರಣೆ ನೋಡುವ ರೈಟರ್ ಆಗಿ ಮೂವತ್ತು ವರ್ಷ, ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಿಸಿದವನು ನಾನು. ಬೀಜವನ್ನು ಹಲ್ಲಿನಲ್ಲಿ ಕಚ್ಚಿಯೇ ತೇವ ಎಷ್ಟಿದೆಯೆಂದು ಹೇಳುತ್ತಿದ್ದೆ. ಹಾಗಾಗಿ ನಮ್ಮೂರ ಶಿವಾಲಯದ ಬಿಲ್ವದ ಕೊಂಬೆ ಗಾಳಿಗೆ ಮುರಿದು ಬಿದ್ದು, "ಒಲೆಗೆ ಹಾಕೋ ಹಂಗಿಲ್ಲ, ಎಸೆಯೋ ಹಂಗೂ ಇಲ್ಲ" ಎಂದು ಅರ್ಚಕರು ತಲೆ ಕೆರೆದುಕೊಂಡಾಗ ನಾನು ಎದೆಯುಬ್ಬಿಸಿ ಮುಂದೆ ಬಂದೆ.

"ಬಟ್ಟಲು ಕಡೆದು ಕೊಡ್ತೀನಿ. ಸೋಮವಾರದ ಪಂಚಾಮೃತ ಅದರಲ್ಲೇ ಹಂಚೋಣ. ಹಂಚೋದೂ ನಾನೇ!"

ಭಕ್ತಿ ಎಂದುಕೊಂಡಿರೇನು? ಸ್ವಲ್ಪ ಇತ್ತು, ಇಲ್ಲ ಎನ್ನಲಾರೆ. ಆದರೆ ಹೆಂಡತಿ ತೀರಿಕೊಂಡ ಮೇಲೆ ನನ್ನ ಜೊತೆ ಮಾತನಾಡುವವರು ಯಾರೂ ಇರಲಿಲ್ಲ. ಬಟ್ಟಲು ಹಿಡಿದು ನಿಂತರೆ ವಾರಕ್ಕೊಮ್ಮೆ ಮೂವತ್ತು ನಲವತ್ತು ಜನ ನನ್ನೆದುರು ಕೈ ಒಡ್ಡುತ್ತಾರೆ. "ಇನ್ನೊಂದು ಚಮಚ ಹಾಕಿ" ಎಂದಾದರೂ ಅನ್ನುತ್ತಾರಲ್ಲ! ನನಗೆ ಅಷ್ಟು ಸಾಕಿತ್ತು.

ಮರವನ್ನು ಗರಗರ ತಿರುಗಿಸಿ ಕಡೆಯುವ ಯಂತ್ರ ಇದ್ದದ್ದು ಬಡಗಿ ಮಂಜಾಚಾರರ ಶೆಡ್ಡಿನಲ್ಲಿ. ಅವರು ಕೊಂಬೆಯಿಂದ ಒಂದು ದಪ್ಪ ತುಂಡು ಕೊಯ್ದುಕೊಟ್ಟು, "ಹಸಿ ಮರ ಯಂತ್ರಕ್ಕೆ ಕೊಡಬಾರ್ದು ಮಾರಾಯ್ರೇ. ಒಳಗೆ ನೆರಳಲ್ಲಿಟ್ಟು ಆರು ತಿಂಗಳು ಒಣಗ್ಸಿ" ಎಂದರು. ಅಷ್ಟರೊಳಗೆ ಸಿಲ್ವರ್ ಓಕ್ ಮರದ ಚೂರುಗಳ ಮೇಲೆ ನನಗೆ ಉಳಿ ಹಿಡಿಯುವುದನ್ನೂ ಕಲಿಸಿದರು.

ಅಪ್ಪಣೆಯನ್ನು ಶಿರಸಾ ವಹಿಸಿದೆ. ಒಳಗೆ, ನೆರಳಲ್ಲಿ ಎಂದರೆ ದೇವರ ಕೋಣೆ ತಾನೇ? ಹಿತ್ತಾಳೆ ತಟ್ಟೆಯ ಮೇಲೆ ತುಂಡನ್ನು ಸ್ಥಾಪಿಸಿದೆ. ಶಿವನ ಮರ, ದೇವರ ಕೋಣೆಗೆ ಬಂದ ಮೇಲೆ ಉಪವಾಸ ಇಡಲಾದೀತೇ? ದಿನಾ ಬೆಳಿಗ್ಗೆ ಒಂದು ಚೊಂಬು ನೀರಿನ ಅಭಿಷೇಕ. ಸೋಮವಾರ ಎರಡು ಚೊಂಬು! ಅದರ ಜೊತೆ ಮಾತೂ ಆಡುತ್ತಿದ್ದೆ. "ಇವತ್ತೂ ಅನ್ನ ಸೀದುಹೋಯ್ತು ಕಣಪ್ಪಾ" ಎಂದರೆ ಶಾಂತವಾಗಿ ಕೇಳಿಸಿಕೊಳ್ಳುತ್ತಿತ್ತು. ಆರು ತಿಂಗಳಲ್ಲಿ ಅದು ಚಿಗುರದಿದ್ದದ್ದೇ ಹೆಚ್ಚು.

ಅವಧಿ ಮುಗಿದ ಭಾನುವಾರ ತುಂಡನ್ನು ಯಂತ್ರಕ್ಕೆ ಕಚ್ಚಿಸಿ ಉಳಿ ತಾಗಿಸಿದೆ. ಮುಖಕ್ಕೆ ನೀರು ಹಾರಿತು!

"ಏನ್ರೀ ಇದು, ಒಣಗ್ಸಿದ್ರೋ, ನೆನೆಸಿಟ್ರೋ?" ಮಂಜಾಚಾರರು ಕನ್ನಡಕ ಒರೆಸಿಕೊಂಡರು.

"ಅಭಿಷೇಕ..." ಎಂದೆ.

ಅವರು ಯಂತ್ರ ನಿಲ್ಲಿಸಿದರು. "ಇನ್ನಾರು ತಿಂಗಳು ತಡೀರಿ. ನೀರು ಮಾತ್ರ ತೋರಿಸ್ಬೇಡಿ."

ಆದರೆ ನಾಳೆಯೇ ಹಂಚುತ್ತೇನೆಂದು ಊರಿಗೆಲ್ಲ ಸಾರಿ ಬಂದಿದ್ದೆನಲ್ಲ! ಹಟ ಹಿಡಿದು ಕಡೆದೆ. ಬಟ್ಟಲು ಚೆನ್ನಾಗಿಯೇ ಬಂತು. ಮೊದಲು ಹೆಂಡತಿಗೆ ತೋರಿಸಬೇಕು ಅನ್ನಿಸಿತು; ಅವಳಿಲ್ಲ ಎನ್ನುವುದು ಆಮೇಲೆ ನೆನಪಾಯಿತು. ಬೇಗ ಒಣಗಲೆಂದು ಬಚ್ಚಲ ಒಲೆಯ ಪಕ್ಕ ಇಟ್ಟೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಕೂದಲೆಳೆಯಷ್ಟು ಬಿರುಕು. ದೇವರು ನೋಡಿಕೊಳ್ಳುತ್ತಾನೆ ಎಂದುಕೊಂಡೆ.

ದೇವರು ನೋಡಿದ. ನೋಡಿ ಸುಮ್ಮನಿದ್ದ!

ಶಿವಾಲಯದಲ್ಲಿ ನಾಲ್ಕನೆಯವರ ಅಂಗೈಗೆ ಚಮಚ ಬಗ್ಗಿಸುವಷ್ಟರಲ್ಲಿ ಬಟ್ಟಲು ಟಪ್ ಎಂದಿತು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಐದೂ ಒಗ್ಗಟ್ಟಾಗಿ ನನ್ನ ಪಂಚೆಯ ಮೇಲಿಂದ ಇಳಿದು ಪಾದ ಸೇರಿದವು. ಸಾಲಿನಲ್ಲಿದ್ದವರೆಲ್ಲ ಹಿಂದೆ ಸರಿದರು. ನನ್ನ ಹತ್ತಿರ ಬಂದದ್ದು ಇರುವೆಗಳು ಮಾತ್ರ.

ಕಾಲು ತೊಳೆದು, ಎರಡು ಹೋಳಾದ ಬಟ್ಟಲು ಹಿಡಿದು ಮೂಲೆಯಲ್ಲಿ ಕೂತೆ. ಅರ್ಚಕರು ಹತ್ತಿರ ಬಂದರು.

"ಬಟ್ಟಲು ಹೋದ್ರೆ ಹೋಗ್ಲಿ ಸ್ವಾಮಿ. ಸೋಮವಾರಕ್ಕೆ ಬೇರೇನಾದ್ರೂ ಕೆಲಸ ಕೊಡಿ" ಎಂದೆ.

"ಬನ್ನಿ, ಅದಕ್ಕೇನಂತೆ. ಆದ್ರೆ ಯಾವುದನ್ನೂ ಮುಟ್ಟದೆ, ಆ ಕಂಬಕ್ಕೆ ಒರಗಿ ಸುಮ್ನೆ ಕೂತಿರ್ಬೇಕು. ಆಗುತ್ತಾ?"

ಆಗದೆ ಏನು! ಒಬ್ಬನೇ ಸುಮ್ಮನೆ ಕೂರುವುದರಲ್ಲಿ ನನ್ನಷ್ಟು ಪಳಗಿದವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ.