ಆನೆ ಅಡ್ಡ ಬಾರದ ರೈಲು

ಉಗಿಬಂಡಿಗಳ ಕಾಲದಲ್ಲಿ, ಒಂದು ಮಾರ್ಗಶಿರದ ಮುಂಜಾನೆ, ಚಾಲಕ ಉಜ್ಜನಪ್ಪನವರು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರಿಯ ಕಿವಿಯ ಬಲದಿಂದ ರೈಲು ತಂದಿದ್ದರು. ಎಂಜಿನ್ನಿನ ದೀಪ ಕೆಟ್ಟಿತ್ತು. ಮಂಜು ಅದರ ಮೂತಿಯನ್ನೇ ನುಂಗಿತ್ತು. ಮೋರಿಯ ಮೇಲೆ ಗಾಲಿ ಹಾಡುವ ರಾಗ ಬೇರೆ, ದಿಬ್ಬದ ಸಂದಿನಲ್ಲಿ ಹಾಯುವಾಗಿನ ರಾಗ ಬೇರೆ, ತುಂಗೆಯ ಸೇತುವೆಯ ಗುಡುಗು ಬೇರೆ. ಆ ದನಿಗಳನ್ನೇ ಹಿಡಿದು ಬಂದು, ಸ್ಟೇಷನ್ ಮಾಸ್ತರರ ಮೇಜಿನ ಮೇಲಿದ್ದ ಚಹದ ಲೋಟ ಅಲುಗದಂತೆ ಗಾಡಿ ನಿಲ್ಲಿಸಿದ್ದರು.

ಇಷ್ಟು ನಿಜ. ನಿವೃತ್ತರಾಗಿ ಶಿವಮೊಗ್ಗದ ಹೊಸಮನೆಯಲ್ಲಿ ನೆಲೆಸಿದ ಮೇಲೆ ಕತೆ ಕುಂಬಳದ ಬಳ್ಳಿಯಂತೆ ಹಬ್ಬಿತು. ಮೊದಲು ಮಂಜಿನ ಜೊತೆಗೆ ಮಳೆ ಸೇರಿತು. ಆಮೇಲೆ ಕಲ್ಲಿದ್ದಲು ಹಾಕುವ ಫೈರ್‌ಮನ್ನಿಗೆ ಜ್ವರ ಬಂತು. ಕೊನೆಗೆ ತುಂಗೆಯ ಸೇತುವೆಯ ಮೇಲೆ ಒಂದು ಆನೆ ಬಂದು ನಿಂತಿತು, ಮತ್ತೆ ಕದಲಲಿಲ್ಲ. ಉಜ್ಜನಪ್ಪನವರು ಕಣ್ಣು ಮುಚ್ಚಿ "ಅವತ್ತು..." ಎಂದರೆ ಸಾಕು, ಜಗಲಿಯಲ್ಲಿ ಕುಳಿತವರಿಗೆಲ್ಲ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು.

ತಂಟೆ ಶುರುವಾದದ್ದು ಒಂದು ಭಾನುವಾರ ಬೆಳಗ್ಗೆ, ಬೀದಿಯ ಕೊನೆಯ ಕಂಪ್ಯೂಟರ್ ಅಂಗಡಿಯಲ್ಲಿ. ಅದರ ಒಡೆಯ ವಿಜಯಕುಮಾರ್ ರೈಲು ಓಡಿಸುವ ಒಂದು ಆಟವನ್ನು ತರಿಸಿ, ಅದರೊಳಗೆ ಭದ್ರಾವತಿ–ಶಿವಮೊಗ್ಗದ ದಾರಿಯನ್ನು ತಾನೇ ಕೂತು ಕಟ್ಟಿದ್ದ. ಪಕ್ಕದ ಮನೆಯ ಮಲ್ಲಿಕ್ ಹುಟ್ಟುಕುರುಡ. ಬ್ಯಾಂಕೊಂದರಲ್ಲಿ ಟೆಲಿಫೋನ್ ಆಪರೇಟರ್. ರೈಲೆಂದರೆ ಪ್ರಾಣ ಬಿಡುವ ಆ ತರುಣ ಕೀಲಿಮಣೆಯ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದ.

"ಏನೋ ಮಗಾ?" ಎಂದರು ಅಲ್ಲಿಗೆ ಬಂದ ಉಜ್ಜನಪ್ಪ.

"ಬರೀ ಗುಂಯ್ ಅಂತ ಒಂದೇ ಸದ್ದು ಅಜ್ಜಾರೇ. ಸೇತುವೆ ಬಂತೋ, ಸ್ಟೇಷನ್ ಬಂತೋ ಗೊತ್ತೇ ಆಗಲ್ಲ. ಪ್ರತಿ ಸಲ ಶಿವಮೊಗ್ಗ ದಾಟಿ ಗೂಡ್ಸ್ ಗಾಡಿಗೆ ಗುದ್ದುತೀನಿ."

"ಬೇಜಾರಾಗ್ಬೇಡ ಮಾರಾಯ," ಎಂದ ವಿಜಯಕುಮಾರ್. "ಇದು ಕಣ್ಣಿಲ್ದೆ ಆಡೋ ಆಟ ಅಲ್ಲ."

"ಏನಂದೆ?" ಉಜ್ಜನಪ್ಪನವರ ಮೀಸೆ ಸಿಗ್ನಲ್ಲಿನ ಕೈಯಂತೆ ಮೇಲೆದ್ದಿತು. "ಕಣ್ಣಿಗೆ ಏನೂ ಕಾಣ್ದೆ ನಾನು ಅಸಲಿ ರೈಲೇ ಓಡ್ಸಿದೀನಿ ಕಣಯ್ಯ! ಅವತ್ತು..."

"ಗೊತ್ತು ಅಜ್ಜಾರೇ, ಗೊತ್ತು!"

"ಗೊತ್ತಿದ್ರೆ ಕೇಳು. ಇವತ್ತು ಸಂಜೆಯೊಳಗೆ ಇವನ ಕೈಲೇ ಗಾಡಿ ತರಿಸಿ ಪ್ಲಾಟ್‌ಫಾರಂಗೆ ನಿಲ್ಲಿಸ್ತೀನಿ. ಆಗ್ಲಿಲ್ವಾ, ಆ ಕತೆ ಇನ್ಮೇಲೆ ಬಾಯಲ್ಲೇ ಎತ್ತಲ್ಲ!"

ಸುದ್ದಿ ಹೊಸಮನೆಯನ್ನೆಲ್ಲ ಸುತ್ತಿತು. ಎದುರುಮನೆಯ ಪದ್ಮಮ್ಮ ಕೋಟೆಯ ಗುಡಿಗೆ ಹೋಗಿ ತೆಂಗಿನಕಾಯಿ ಒಡೆಸಿಯೇ ಬಂದರು. ಯಾರ ಗೆಲುವಿಗೆಂದು ಯಾರೂ ಕೇಳಲಿಲ್ಲ. ಮಡದಿ ಶಕುಂತಲಮ್ಮ ಮಾತ್ರ ನೇರವಾಗಿಯೇ ಕೇಳಿದರು: "ಏನ್ರೀ, ದೇವ್ರಾಣೆ ತಾನೆ?"

ಉಜ್ಜನಪ್ಪನವರ ಉಪಾಯ ಸರಳವಾಗಿತ್ತು. ಆಟದ ರೈಲೂ ಅಸಲಿ ರೈಲೂ ಒಂದೇ ಹೊತ್ತು ತೆಗೆದುಕೊಳ್ಳುತ್ತವೆಂದು ವಿಜಯಕುಮಾರನೇ ಜಂಬ ಕೊಚ್ಚಿಕೊಂಡಿದ್ದ. ಭದ್ರಾವತಿಗೆ ಹೋಗಿ, ಬರುವಾಗ ದಾರಿಯ ದನಿಗಳನ್ನೆಲ್ಲ ಟೇಪ್ ರೆಕಾರ್ಡರಿನಲ್ಲಿ ಹಿಡಿದು ತಂದು, ಆಟದ ಜೊತೆಗೇ ಹಾಕಿಬಿಟ್ಟರೆ ಮಲ್ಲಿಕನ ಕಿವಿಗೆ ದಾರಿ ಕಂಡಂತೆಯೇ!

ಮರಳುವ ಗಾಡಿ ಭದ್ರಾವತಿ ಬಿಟ್ಟೊಡನೆ ಅವರು ಟೇಪು ಚಾಲೂ ಮಾಡಿ, ಪೆಟ್ಟಿಗೆಯನ್ನು ಕೊಡೆಯ ತುದಿಗೆ ಕಟ್ಟಿ ಕಿಟಕಿಯಿಂದಾಚೆ ಚಾಚಿದರು.

"ಅಜ್ಜ ಮೀನಿಗೆ ಗಾಳ ಹಾಕಿದಾರೆ ನೋಡ್ರೋ!" ಎಂದು ಯಾರೋ ಕೂಗಿದರು. ಟಿಕೆಟ್ ತಪಾಸಣೆಯವನು ಓಡಿ ಬಂದು ಗದರಿದ್ದರಿಂದ ಪೆಟ್ಟಿಗೆ ಒಳಗೆ ಬಂತು. ಅದನ್ನು ಕಂಡದ್ದೇ ತಡ, ಎದುರಿಗೆ ಕೂತಿದ್ದ ಅಡಿಕೆ ವ್ಯಾಪಾರಿ ಉಮಾಮಹೇಶ್ವರ ಗಂಟಲು ಸರಿಮಾಡಿಕೊಂಡ.

"ಭದ್ರಾವತಿ ಆಕಾಶವಾಣಿಯೋರಾ ಸಾರ್? ನಂದೂ ಒಂದು ತಗೊಳ್ಳಿ!" ಎಂದವನೇ, ಒದ್ದೆ ಹಗ್ಗ ಎಳೆದಂತಹ ದನಿಯಲ್ಲಿ ಹಾಡತೊಡಗಿದ.

"ನಿಲ್ಸಪ್ಪಾ, ಕೈ ಮುಗೀತೀನಿ!"

ಆಗ ಬದನೆಕಾಯಿಯ ಬುಟ್ಟಿ ಮಡಿಲಲ್ಲಿಟ್ಟುಕೊಂಡಿದ್ದ ಲಿಂಗಮ್ಮ ಎಂಬ ಮುದುಕಿ ಕೇಳಿದಳು: "ಹಾಡು ಬ್ಯಾಡ ಅಂದ್ರೆ ಈ ಟೇಪು ಯಾತಕ್ಕೆ?"

ಎಷ್ಟೋ ವರ್ಷಗಳಿಂದ ಉಜ್ಜನಪ್ಪನವರನ್ನು ಯಾರೂ ತಾವಾಗಿ ಆ ಕತೆಗೆ ದಾರಿಯಾಗುವ ಪ್ರಶ್ನೆ ಕೇಳಿರಲಿಲ್ಲ. ಅವರ ಕಣ್ಣು ತಾನೇ ಮುಚ್ಚಿಕೊಂಡಿತು. "ಅವತ್ತು..."

ಗಾಲಿಯ ರಾಗ ಬದಲಾದಂತೆಲ್ಲ ಕತೆ ಅದಕ್ಕೆ ತಕ್ಕಂತೆ ಸಾಗಿತು. "ಇಗೋ ಮೋರಿ, ಇಲ್ಲೇ ಆವಿ ತಗ್ಗಿಸ್ದೆ... ಇದೇ ದಿಬ್ಬ, ಇಲ್ಲಿ ಮತ್ತೆ ಬಿಟ್ಟೆ... ಇದೋ ಬಂತು ತುಂಗೆ ಸೇತುವೆ. ಆಗ ಒಂದು ಆನೆ..."

"ಯಾವ ಆನೆ?" ಎಂದಳು ಲಿಂಗಮ್ಮ. "ಇದೇ ಹೊಳೆ ದಂಡೆ ಮ್ಯಾಲೆ ಹುಟ್ಟಿ ಬದ್ನೆಕಾಯಿ ಬೆಳೆದೋಳು ನಾನು. ಇಲ್ಲಿ ಸೇತುವೆ ಮ್ಯಾಲೆ ಎಮ್ಮೇನೂ ಹತ್ತಲ್ಲ. ಮುಂದ್ಕೆ ಹೇಳ್ರಿ!"

ಉಜ್ಜನಪ್ಪನವರು ಆನೆಯನ್ನು ಉಗುಳಿನೊಡನೆ ನುಂಗಿ ಮುಂದೆ ಹೇಳಿದರು. ಕತೆಯೂ ಗಾಡಿಯೂ ಒಟ್ಟಿಗೆ ಶಿವಮೊಗ್ಗದಲ್ಲಿ ನಿಂತವು. ಟೇಪು ಇನ್ನೂ ತಿರುಗುತ್ತಲೇ ಇತ್ತೆಂಬುದು ಅವರ ಗಮನಕ್ಕೆ ಬಂದದ್ದು ಆಗಲೇ.

ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪದ್ಮಮ್ಮ ಮನೆಯಿಂದ ಕುರ್ಚಿಯನ್ನೇ ತಂದಿದ್ದರು. ಆಟದ ರೈಲು ಹೊರಟಿತು, ಟೇಪೂ ಹೊರಟಿತು. ಮೊದಲು ಗಾಳಿಯ ಅಬ್ಬರ, ಆಮೇಲೆ ಉಮಾಮಹೇಶ್ವರನ ಹಾಡು. ಅದು ನಿಂತಿತು. ಹಿಂದೆಯೇ, ಗಾಲಿಯ ದನಿಯನ್ನೆಲ್ಲ ಮುಚ್ಚಿ, ಹೊಸಮನೆಗೆ ಚಿರಪರಿಚಿತವಾದ ಆ ಗಂಟಲು: "ಅವತ್ತು..."

ಅಂಗಡಿ ನಗೆಯಲ್ಲಿ ಮುಳುಗಿತು. ಉಜ್ಜನಪ್ಪನವರ ಮೀಸೆ ಇಳಿಯಿತು. "ಹೋಗ್ಲಿ ಬಿಡಿ, ಪಾಪ," ಎಂದ ಶಕುಂತಲಮ್ಮನವರ ಮುಖದಲ್ಲಿ ಮಾತ್ರ ಹಬ್ಬದ ಕಳೆಯಿತ್ತು. ವಿಜಯಕುಮಾರ್ ಟೇಪು ನಿಲ್ಲಿಸಲು ಕೈ ಚಾಚಿದ.

"ಮುಟ್ಬೇಡಿ!" ಎಂದ ಮಲ್ಲಿಕ್.

ಟೇಪಿನಲ್ಲಿ ಮೋರಿ ಬಂತು, ಆವಿ ತಗ್ಗಿತು. ಮಲ್ಲಿಕನ ಬೆರಳು ವೇಗ ತಗ್ಗಿಸಿತು. ದಿಬ್ಬ ಬಂತು, ಬೆರಳು ಬಿಟ್ಟಿತು. ಲಿಂಗಮ್ಮ ಆನೆಯನ್ನು ಓಡಿಸಿದ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ತುಂಗೆ ಹರಿಯುತ್ತಿತ್ತು. ನಗು ನಿಂತಿತು. "ಈಗ ಬ್ರೇಕು... ಇನ್ನೊಂಚೂರು... ನಿಂತ್ಕೊಳ್ತು ನೋಡಿ, ಲೋಟ ಅಲುಗಲಿಲ್ಲ!" ಎಂದಿತು ಟೇಪು. ಆಟದ ರೈಲು ಪ್ಲಾಟ್‌ಫಾರಮ್ಮಿನ ಮಗ್ಗುಲಿಗೆ ಮೆತ್ತಗೆ ಬಂದು ನಿಂತಿತು.

"ನಿಂತ್ತಾ? ನಿಜವಾಗ್ಲೂ ನಿಂತ್ತಾ?" ಮಲ್ಲಿಕ್ ಕೀಲಿಮಣೆಯಿಂದ ಬೆರಳು ತೆಗೆಯದೆಯೇ ಕೇಳಿದ.

"ನಿಂತಿದೆ ಮಾರಾಯ, ಇಳಿಯೋರು ಇಳೀಬಹುದು!" ಎಂದ ವಿಜಯಕುಮಾರ್, ಸೋತವನ ಮುಖದಲ್ಲೇ ನಗುತ್ತಾ. ಪದ್ಮಮ್ಮ ತೆಂಗಿನಕಾಯಿಯನ್ನು ನೆನೆದು ನಿಟ್ಟುಸಿರಿಟ್ಟರು.

"ಅಂಧರ ಹಾಸ್ಟೆಲ್ಲಿನ ನನ್ ಗೆಳೆಯರನ್ನೆಲ್ಲ ಕರೀತೀನಿ," ಎಂದ ಮಲ್ಲಿಕ್. "ಟೇಪು ಹಿಂದಕ್ಕೆ ಸುತ್ತಿ ಮೊದಲಿಂದ ಹಾಕಿ, ಇನ್ನೊಂದ್ಸಲ ಆಡ್ತೀನಿ."

ವಿಜಯಕುಮಾರ್ ಟೇಪು ಹಿಂದಕ್ಕೆ ಸುತ್ತಲು ಗುಂಡಿ ಒತ್ತಿದ. ಯಂತ್ರ ಕರಕರ ಎಂದು ಅದನ್ನು ಜಗಿದು, ಶಾವಿಗೆಯಂತೆ ಹೊರಗೆ ಕಕ್ಕಿತು.

"ಅದಕ್ಕೇನಂತೆ?" ಉಜ್ಜನಪ್ಪನವರು ಮೀಸೆ ತಿರುವಿದರು. "ಟೇಪು ಹೋದ್ರೆ ನಾನಿಲ್ವಾ?"

ಕಣ್ಣು ಮುಚ್ಚಿ ಶುರುಮಾಡಿದರು. ತಡೆಯಲು ಲಿಂಗಮ್ಮ ಇರಲಿಲ್ಲ. ಮಳೆ ಬಂತು, ಫೈರ್‌ಮನ್ನಿಗೆ ಜ್ವರ ಬಂತು, ಆನೆ ಸೊಂಡಿಲೆತ್ತಿ ಸಲಾಮು ಹೊಡೆಯಿತು. ಅದು ಸೊಂಡಿಲು ಇಳಿಸುವಷ್ಟರಲ್ಲಿ ಆಟದ ರೈಲು ಶಿವಮೊಗ್ಗ ದಾಟಿ ಗೂಡ್ಸಿಗೆ ಗುದ್ದಿತ್ತು.

ಎರಡನೆಯ ಸಲ ಅವರು ಬಹಳ ಕಷ್ಟಪಟ್ಟು ಮಳೆ ಬಿಟ್ಟರು, ಜ್ವರ ಬಿಟ್ಟರು, ಆನೆಯನ್ನು ಮರಿಯಾನೆ ಮಾಡಿದರು. ಗೂಡ್ಸಿಗೆ ಗುದ್ದಲು ಅದೂ ಸಾಕಾಯಿತು.

ಜನ ಹಾಲಿನ ನೆನಪಾಗಿ ಒಬ್ಬೊಬ್ಬರೇ ಕರಗಿದರು. ಶಕುಂತಲಮ್ಮ ಮಾತ್ರ ಪದ್ಮಮ್ಮನವರ ಕುರ್ಚಿಯನ್ನು ಗಂಡನ ಪಕ್ಕಕ್ಕೆ ಎಳೆದುಕೊಂಡು, ಆನೆ ಓಡಿಸುವ ಲಿಂಗಮ್ಮನ ಜಾಗದಲ್ಲಿ ಭದ್ರವಾಗಿ ಕುಳಿತರು. ಮಲ್ಲಿಕ್ ಕೀಲಿಮಣೆಯ ಮೇಲೆ ಬೆರಳಿಟ್ಟು, ಹಟದಿಂದ ತುಟಿ ಬಿಗಿದು, ಮತ್ತೆ ಭದ್ರಾವತಿಯಿಂದ ಹೊರಡಲು ಸಿದ್ಧನಾದ.

"ಅಜ್ಜಾರೇ, ಇನ್ನೊಂದ್ಸಲ ಹೇಳಿ," ಎಂದ. "ಈ ಸಲ ಮರಿಯಾನೇನೂ ಬೇಡ."